ಮೂವತ್ತು ವರ್ಷದ ಗಡ್ಡ

ಜನವರಿ ೧೯, ಸೋಮವಾರ

ಇವತ್ತು ನನ್ನ ಕುರ್ಚಿಯಲ್ಲಿ ಕೂತವರಲ್ಲಿ ಅರ್ಧ ಜನ ಕೆಮ್ಮುತ್ತಿದ್ದರು. ಊರೆಲ್ಲ ಫ್ಲೂ. ಕ್ಷೌರ ಮಾಡುವವನ ಮುಖ ಗಿರಾಕಿಯ ಮುಖದಿಂದ ಗೇಣು ದೂರ, ಅಷ್ಟೇ. ಮನೆಯಲ್ಲೋ ಹದಿನೈದು ದಿನದ ಮೊಮ್ಮಗಳು. ಅದಕ್ಕೇ ಬಿಗಿಯಾಗಿ ಕೂರುವಂಥ ಒಳ್ಳೆಯ ಮಾಸ್ಕ್ ತಂದೆ.

ಮಗಳು ನೋಡಿದವಳೇ, "ಅಪ್ಪಾ, ಜೋರಾಗಿ ಉಸಿರು ಬಿಡಿ" ಅಂದಳು. ಬಿಟ್ಟೆ. ಕನ್ನಡಕ ಮಂಜಾಯಿತು. ಮೂಗಿನ ಮೇಲಿನ ತಂತಿ ಒತ್ತಿದರೆ ಗಾಳಿ ಕೆನ್ನೆಯ ಪಕ್ಕದಿಂದ ಹೊರಟಿತು.

"ಮಾಸ್ಕ್ ಸರಿಯಾಗೇ ಇದೆ. ನಿಮ್ಮ ಗಡ್ಡ ಅದನ್ನ ಕೂರೋಕೆ ಬಿಡ್ತಿಲ್ಲ."

"ಈ ಗಡ್ಡ ನನ್ನ ಅಂಗಡಿ ಮರ್ಯಾದೆ ಕಣೇ!"

"ಹಾಗಾದ್ರೆ ಮಗೂನ ಬಾಗಿಲಲ್ಲೇ ನಿಂತು ನೋಡಿ."

ಕನ್ನಡಿಯ ಮುಂದೆ ಕೂತು ಹತ್ತೇ ನಿಮಿಷದಲ್ಲಿ ಬೋಳಿಸಿದೆ. ಒಂದು ಗೀರೂ ಬೀಳಲಿಲ್ಲ, ನನ್ನ ಕೈ ಅಂದರೆ ಕೈ. ಹೆಂಡತಿ ಬಂದು, "ಯಾರು ಬೇಕಾಗಿತ್ತು?" ಅಂದಳು. ಮತ್ತೆ ಮಾಸ್ಕ್ ಹಾಕಿ ಉಸಿರು ಬಿಟ್ಟೆ. ಎಲ್ಲೂ ಗಾಳಿ ಸೋರಲಿಲ್ಲ. ಕೈ ತೊಳೆದು ಮಗುವನ್ನು ಎತ್ತಿಕೊಂಡೆ.

ಬರೆಯುವಾಗಲೂ ಕೆನ್ನೆಗೆ ಚಳಿ. ಅಂಗಡಿಯ ಬೋರ್ಡಿನ ಮೇಲಿನ ನನ್ನ ಚಿತ್ರಕ್ಕೆ ಇನ್ನೂ ಗಡ್ಡ ಇದೆ. ಇರಲಿ ಬಿಡು, ಅದೇನು ಮಗುವನ್ನು ಎತ್ತಿಕೊಳ್ಳಬೇಕೇ?