ಎರಡೂ ಎಡತೋಳು

ಮಾರ್ಚ್ 4, ಬೆಳಿಗ್ಗೆ
ಎರಡು ಪ್ಯಾಂಟು, ಒಂದು ವೇಸ್ಟ್‌ಕೋಟು ಕಟಿಂಗ್ ಆಯಿತು. ಆಪರೇಷನ್ ಆದಮೇಲೆ ಅಂಗಡಿಗೆ ಬರುತ್ತಿರುವುದು ಈ ವಾರದಿಂದ. ಹೃದಯದೊಳಗಿನ ಕ್ಯಾನ್ಸರ್ ಗಡ್ಡೆ ತೆಗೆದಿದ್ದಾರೆ. ಡಾಕ್ಟರು ಇಂಥದ್ದು ನೋಡಿದ್ದು ಇದೇ ಮೊದಲಂತೆ. ಇರಲಿ — ನಮ್ಮದು ಯಾವತ್ತೂ ರೆಡಿಮೇಡ್ ಅಲ್ಲ. ಎದೆಯ ಹೊಲಿಗೆ ಕನ್ನಡಿಯಲ್ಲಿ ನೋಡಿಕೊಂಡೆ. ಪರವಾಗಿಲ್ಲ. ನನ್ನ ಮಗಳಾದರೆ ಇನ್ನೂ ನೇರವಾಗಿ ಹಾಕುತ್ತಿದ್ದಳು.

ಮಾರ್ಚ್ 9
ಮಗಳದು ಮತ್ತೆ ಅದೇ ರಾಗ. "ಅಪ್ಪಾ, ಬರೀ ಹೊಲಿಯೋದೇ ಆಯ್ತು. ಕಟಿಂಗ್ ಯಾವಾಗ ಕೊಡ್ತೀಯ?" ಮಾಸ್ಟರ್ ಇರುವಾಗ ಅವನ ಕತ್ತರಿ ಇನ್ನೊಬ್ಬರು ಮುಟ್ಟುವಂತಿಲ್ಲ. ನಮ್ಮ ಕಸುಬೇ ಹಾಗೆ. "ನನ್ನ ಕೈ ಬಿದ್ದುಹೋದ ಮೇಲೆ ತಗೋ" ಎಂದೆ. ಮುಖ ಊದಿಸಿಕೊಂಡು ಹೋದಳು.

ಮಾರ್ಚ್ 27
ಲಾಯರ್ ಸಾಹೇಬರ ಕೋಟು. ಅವರ ತಂದೆ ಇಟ್ಟಿದ್ದ ಹಳೇ ಉಣ್ಣೆ ಬಟ್ಟೆ, ಇನ್ನೊಂದು ತುಂಡು ಎಲ್ಲೂ ಸಿಗದು. ಎರಡೂ ಎಡತೋಳು ಕತ್ತರಿಸಿದೆ. ನಾನು! ಬಟ್ಟೆ ಮಡಿಸಿ ಕತ್ತರಿಸಿದರೆ ಎಡ ಬಲ ಜೋಡಿ ತಾನಾಗಿ ಬರುತ್ತದೆ... ಮಡಿಸುವುದನ್ನೇ ಮರೆತಿದ್ದೆ. ಮಗಳು ಬೈಯುತ್ತಾಳೆ ಅಂದುಕೊಂಡೆ. "ಅಪ್ಪಾ, ಅಂಗಡಿ ಮುಚ್ಚು. ಆಸ್ಪತ್ರೆಗೆ ಹೋಗೋಣ" ಎಂದಳು.

ಏಪ್ರಿಲ್ 2
ಸ್ಕ್ಯಾನ್. ಹೃದಯದ ಕ್ಯಾನ್ಸರ್ ಮಿದುಳಿಗೂ ಹರಡಿದೆ. ರೇಡಿಯೇಷನ್ ಕೊಡುತ್ತಾರೆ, ವಾಸಿಯಾಗುವ ಮಾತು ಡಾಕ್ಟರು ಆಡಲಿಲ್ಲ. ಭಯವಾಯಿತು. ನಿಜವಾಗಿಯೂ ಭಯವಾಯಿತು.
ಸಂಜೆ ಕತ್ತರಿಯನ್ನು ಮಗಳ ಕೈಗಿಟ್ಟೆ. "ಬೇಡಪ್ಪಾ... ಹೀಗೆ ಬೇಡ" ಎಂದು ಅತ್ತಳು.
"ಮತ್ತೆ ಕೋಟು ಯಾರು ಮುಗಿಸ್ತಾರೆ? ನಿಮ್ಮ ತಾತ ಬರ್ತಾನಾ?" ಎಂದೆ. ಅಳುತ್ತಲೇ ನಕ್ಕಳು.

ಏಪ್ರಿಲ್ 20
ಮಗಳು ಕೋಟಿನ ಬಲತೋಳು ಕತ್ತರಿಸುವುದನ್ನು ಕುರ್ಚಿಯಲ್ಲಿ ಕೂತು ನೋಡಿದೆ. ಮಿಕ್ಕ ಬಟ್ಟೆಯಲ್ಲಿ ಪೂರ್ತಿ ತೋಳು ಬರುವುದಿಲ್ಲ. ನಾನಾಗಿದ್ದರೆ ಕೈಚೆಲ್ಲುತ್ತಿದ್ದೆ. ಅವಳು ಹೊರಭಾಗವನ್ನು ಮಿಕ್ಕ ಬಟ್ಟೆಯಲ್ಲಿ ತೆಗೆದಳು; ಒಳಭಾಗವನ್ನು ನಾನು ಕೆಡಿಸಿದ ತೋಳಿನಲ್ಲೇ. ಜೋಡಿಸಿದ ಗೆರೆ ಕಂಕುಳಡಿಗೆ ಹೋಯಿತು. ನನ್ನನ್ನು ಏನೂ ಕೇಳಲಿಲ್ಲ. ಭೇಷ್!

ಮೇ 3
ಸಾಹೇಬರು ಕೋಟು ಹಾಕಿಕೊಂಡು ಕನ್ನಡಿ ಬಿಟ್ಟು ಕದಲಲಿಲ್ಲ. "ಮಾಸ್ಟರ್, ನಿಮ್ಮ ಕೈಗೆ ವಯಸ್ಸೇ ಆಗಲ್ಲ ಬಿಡಿ!"
"ನಂದಲ್ಲ ಸಾರ್. ಮಾಸ್ಟರ್ ಅಲ್ಲಿದಾರೆ, ಅವರನ್ನ ಕೇಳಿ."
ಮಗಳು ಗುಂಡಿ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ, ಕಿವಿ ಕೆಂಪಾಗಿತ್ತು. ಇಷ್ಟು ಹೆಮ್ಮೆ ನನ್ನ ಕೆಲಸಕ್ಕೆ ಎಂದೂ ಪಟ್ಟಿರಲಿಲ್ಲ.

ಮೇ 11
ಬಲಗೈ ಮಾತು ಕೇಳುತ್ತಿಲ್ಲ. ಎಡಗೈ ಬರಹ — ಕಾಗೆ ಕಾಲು, ಗುಬ್ಬಿ ಕಾಲು. ಅಂಗಡಿಯ ಬೋರ್ಡ್ ಬರೆಯುವವನು ಬಂದಿದ್ದ. ತನ್ನ ಹೆಸರು ನನ್ನ ಹೆಸರಿನ ಕೆಳಗಿರಲಿ ಎಂದಳು ಮಗಳು. ಸಾಧ್ಯವೇ ಇಲ್ಲ ಎಂದೆ. ಅವಳದು ಮೇಲೆ, ದೊಡ್ಡ ಅಕ್ಷರದಲ್ಲಿ. ನನ್ನ ಹೆಸರೇ ಬೇಡ. ಕೆಳಗೆ ಸಣ್ಣದಾಗಿ ಇಷ್ಟು ಸಾಕು — ಮಾಸ್ಟರ್ ಅವರ ಅಪ್...