ಎರಡು ವಯಸ್ಸಿನ ಮುಖ

ತ್ರಿಪ್ಲಿಕೇನ್, ಚೆನ್ನೈ
6-3-2003, ಗುರುವಾರ

ಪ್ರೀತಿಯ ತುಂಗಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತಾ? ನಿಮ್ಮ ಶಾಲೆಯ ಹೊಸ ಹೆಡ್‌ಮಾಸ್ಟರು ಈಗಲೂ ನಿನ್ನ ಕಂಡರೆ ಬೇರೆ ಬಾಗಿಲಿಂದ ಹೋಗ್ತಾನಾ? ಹೋಗಲಿ ಬಿಡು, ಬಾಗಿಲುಗಳು ಇರೋದೇ ಅದಕ್ಕೆ. ಇಲ್ಲಿ ರಘು ಎಗ್ಮೋರ್ ಸ್ಟೇಷನ್ನಿನ ಬುಕಿಂಗ್ ಕೌಂಟರಿನಲ್ಲಿ ಚೆನ್ನಾಗಿದ್ದಾರೆ. ಮಗಳು ಮೌನ ಈಗ ಮೂರನೇ ಕ್ಲಾಸು. ನಾನು ಕನ್ನಡದಲ್ಲಿ ಬೈದರೆ ಅವಳು ತಮಿಳಿನಲ್ಲಿ ವಾದ ಮಾಡ್ತಾಳೆ, ಗೆಲ್ಲೋದೂ ಅವಳೇ. ನಾನು ಚೆನ್ನಾಗಿದ್ದೀನಿ ಅಂತ ಬರೆಯಬೇಕು. ಬರೆದೆ ಅಂತ ತಿಳಕೋ.

ಮೊದಲು ಇದನ್ನು ಓದು. ಎರಡು ವರ್ಷದ ಹಿಂದೆ ಅಂಗಡಿಗೆ ಸೇರಿಸಿಕೊಳ್ಳುವಾಗ, ಗಿರಾಕಿ ಇಲ್ಲದಾಗ ಕೂರೋದಕ್ಕೆ ಸ್ಟೂಲು ಕೊಡ್ತೀವಿ ಅಂದರು. ಕೊಡಲಿಲ್ಲ. ಊಟಕ್ಕೆ ಮುಕ್ಕಾಲು ಗಂಟೆ ಅಂದರು. ಇಪ್ಪತ್ತು ನಿಮಿಷ ಆಯಿತು, ಅದೂ ಗೋಡೆಗೆ ಒರಗಿಕೊಂಡು. ಆರು ತಿಂಗಳಿಗೆ ಖಾಯಂ ಅಂದರು. ಈಗ ಆ ಮಾತೆತ್ತಿದರೆ ನನ್ನ ಹೆಸರೇನು ಅಂತ ಕೇಳ್ತಾರೆ. ಬೆಳಿಗ್ಗೆ ಒಂಬತ್ತೂವರೆಯಿಂದ ಅಂಗಡಿ ಮುಚ್ಚುವ ತನಕ ನಾವು ಎಂಟು ಹೆಂಗಸರು ಗಾಜಿನ ಕೌಂಟರಿನ ಹಿಂದೆ ನಿಂತಿರ್ತೀವಿ. ಹೆಂಗಸರ ದಿನ ಅಂತ ನಾಡಿದ್ದು ಶನಿವಾರ ಕ್ರೀಮುಗಳ ಮೇಲೆ ರಿಯಾಯಿತಿ ಇಟ್ಟಿದ್ದಾರೆ. ಬ್ಯಾನರನ್ನು ನಮ್ಮ ಕೈಲೇ ಕಟ್ಟಿಸಿದರು.

ಈಗ ನಿನ್ನ ಮಾತಿಗೆ ಬರ್ತೀನಿ. ಹೋದ ಕಾಗದದ ಕೊನೆಯಲ್ಲಿ ಪೆನ್ಸಿಲಿನಲ್ಲಿ, ಬೇಕಾದರೆ ಅಳಿಸಬಹುದು ಅನ್ನೋ ಹಾಗೆ, ಬರೆದಿದ್ದೆಯಲ್ಲ: ‘ಕಣ್ಣಿನ ಕೆಳಗೆ ತುಂಬಾ ದಣಿದ ಹಾಗೆ ಕಾಣ್ತೀನಿ, ಸಣ್ಣ ಗೆರೆಗಳೂ ಬಂದಿವೆ, ಒಳ್ಳೇ ಮುಲಾಮು ಯಾವುದು ಕಲಾ, ಯಾರಿಗೂ ಹೇಳಬೇಡ.’ ನಗು ಬಂತು. ಆಮೇಲೆ ಬರಲಿಲ್ಲ. ಬೆಂಗಳೂರಿನಲ್ಲಿ ಸುಂದರಿಯರ ಸ್ಪರ್ಧೆ ಬೇಡ ಅಂತ ರಸ್ತೆಯಲ್ಲಿ ಕೂತಾಗ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ನೀನು. ನಿನ್ನ ಪಕ್ಕ ಕೂತಿದ್ದ ನಾನು ಇವತ್ತು ಮುಲಾಮು ಮಾರ್ತೀನಿ, ನೀನು ಪೆನ್ಸಿಲಿನಲ್ಲಿ ಕೇಳ್ತೀಯ. ನಾಚಿಕೆ ಪಡಬೇಡ. ಆವತ್ತು ನಾವು ಜಗಳ ಆಡಿದ್ದು ಮುಖದ ಮೇಲಲ್ಲ, ಮುಖಕ್ಕೆ ಬೆಲೆ ಕಟ್ಟುವವರ ಮೇಲೆ. ದಣಿದ ಚರ್ಮಕ್ಕೆ ಒಂದಿಷ್ಟು ಜಿಡ್ಡು ಸವರಿಕೊಂಡರೆ ಯಾವ ಕ್ರಾಂತಿಯೂ ಜಾರಿ ಬೀಳೋದಿಲ್ಲ.

ನಮ್ಮಲ್ಲಿ ಮೂರು ಥರ ಇದೆ. ಒಂದು ಫಾರಿನ್ ಹೆಸರಿನದು: ದಪ್ಪ ಗಾಜಿನ ಡಬ್ಬಿ, ಒಳಗೆ ಉಗುರಿನಷ್ಟು ಮಾಲು. ಹಚ್ಚಿದ ಕೂಡಲೇ ಚರ್ಮ ಬಿಗಿಯುತ್ತೆ, ಕನ್ನಡಿ ನೋಡಿ ಎಲ್ಲರೂ ‘ಅಯ್ಯೋ!’ ಅಂತಾರೆ, ಮನೆಗೆ ಹೋಗಿ ಮುಖ ತೊಳೆದರೆ ಮುಗೀತು. ಇನ್ನೊಂದು ಗಿಡಮೂಲಿಕೆಯದು, ಮದುವೆಮನೆ ಥರ ಘಮಘಮ. ಆ ಘಮವೇ ಕಣ್ಣಿಗೆ ಉರಿ ತರುತ್ತೆ, ಬೇಡ. ಮೂರನೆಯದು ತಗಡಿನ ಪುಟ್ಟ ಡಬ್ಬಿ. ವಾಸನೆ ಇಲ್ಲ, ಬಣ್ಣ ಇಲ್ಲ, ಮೇಣದ ಹಾಗೆ ಗಟ್ಟಿ. ಬೆರಳ ಬಿಸಿಗೆ ಕರಗುತ್ತೆ. ಕೆಳಗಿನ ಅರೆಯಲ್ಲಿ ಮೂಲೆಗೆ ಇಟ್ಟಿರ್ತಾರೆ. ಅದೇ ನಿನಗೆ. ಮೊದಲು ಕಿವಿಯ ಹಿಂದೆ ಹಚ್ಚಿ ಒಂದು ದಿನ ನೋಡು. ಆಮೇಲೆ ಉಂಗುರದ ಬೆರಳಲ್ಲಿ ಅಕ್ಕಿಕಾಳಿನಷ್ಟು ತಗೊಂಡು, ಕಣ್ಣಿನ ಕೆಳಗಿನ ಮೂಳೆಯ ಗುಂಟ ಮೆಲ್ಲಗೆ ತಟ್ಟು. ಉಜ್ಜಬೇಡ, ರೆಪ್ಪೆಯ ಹತ್ತಿರ ಹೋಗಬೇಡ. ಒಣಗಿ ಬಿದ್ದ ಗೆರೆಗಳು ಮೆತ್ತಗಾಗ್ತವೆ. ಕಪ್ಪು ಹೋಗಲ್ಲ, ಊತ ಹೋಗಲ್ಲ. ಹೋಗುತ್ತೆ ಅಂತ ಗಿರಾಕಿಗಳಿಗೆ ದಿನಕ್ಕೆ ಐವತ್ತು ಸಲ ಹೇಳ್ತೀನಿ. ನಿನಗೆ ಹೇಳಲ್ಲ.

ಅಕ್ಕಾ, ಆ ಅಂಗಡಿಯೊಳಗೆ ಹೊತ್ತು ಅನ್ನೋದೇ ಇಲ್ಲ. ಬಿಸಿಲು ಪಾಂಡಿ ಬಜಾರಿನ ರಸ್ತೆಯಲ್ಲೇ ನಿಂತುಬಿಡುತ್ತೆ. ಒಳಗೆ ಬರೀ ತಣ್ಣನೆ ಬಿಳಿ ಬೆಳಕು, ಕನ್ನಡಿಯೊಳಗೆ ಕನ್ನಡಿ, ನೀರೊಳಗಿಂದ ಎದ್ದು ಬರುವ ಹಾಗೆ ಬರುವ ಮುಖಗಳು. ‘ಕಣ್ಣು ಮುಚ್ಚಿ ಮೇಡಂ’ ಅಂತೀನಿ. ಮುಚ್ಚುತ್ತಾರೆ. ಬೆರಳು ತಾಗಿದ ತಕ್ಷಣ ಎಂಥ ಜೋರಿನ ಹೆಂಗಸೂ ಒಂದು ಗಳಿಗೆ ಮಗುವಾಗ್ತಾಳೆ, ಉಸಿರು ಇಳಿಯುತ್ತೆ, ಭುಜ ಇಳಿಯುತ್ತೆ. ಬ್ಯಾಂಕಿನವಳು, ಡಾಕ್ಟರು, ಮಗಳ ಮದುವೆಗೆ ಅಂತ ಬಂದ ತಾಯಿ, ಎಲ್ಲರ ರೆಪ್ಪೆಯ ಕೆಳಗೂ ಅದೇ ನಿದ್ದೆ ಮಿಡಿಯುತ್ತಿರುತ್ತೆ. ಕೆಲವು ಸಲ ನಾನೂ ನಿಂತಲ್ಲೇ ತೇಲಿ ಹೋಗ್ತೀನಿ. ಕಾಲು ಯಾರದ್ದೋ ಅನಿಸುತ್ತೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಗಂಟೆಗೊಮ್ಮೆ ನಮ್ಮ ಎಡಗಣ್ಣಿನ ಕೆಳಗೆ ಮಾತ್ರ ಮುಲಾಮು ಹಚ್ಚಿಕೊಳ್ಳಬೇಕು. ಬಲಗಣ್ಣಿಗೆ ಹಚ್ಚುವ ಹಾಗಿಲ್ಲ. ಗಿರಾಕಿ ಬಂದರೆ ಮುಖ ಮುಂದೆ ಒಡ್ಡಿ, ‘ಇದು ಹಚ್ಚಿದ್ದು, ಇದು ಹಚ್ಚದ್ದು’ ಅಂತ ತೋರಿಸಬೇಕು. ಎರಡು ವರ್ಷ ಆಯಿತಲ್ಲ, ನನ್ನ ಮುಖಕ್ಕೆ ಎರಡು ವಯಸ್ಸಾಗಿದೆ. ಎಡಕ್ಕೆ ಮೂವತ್ತು, ಬಲಕ್ಕೆ ನಲವತ್ತೈದು. ‘ಅಮ್ಮ, ಫೋಟೋಗೆ ಈ ಕಡೆ ತಿರುಗು’ ಅಂತ ಮೌನ ತಮಿಳಿನಲ್ಲಿ ಹೇಳಿಕೊಡ್ತಾಳೆ. ಮನೆಯಲ್ಲಾದರೂ ಬಲಗಡೆ ಹಚ್ಚಿಕೊಳ್ಳಬಹುದಿತ್ತು ಅಂತೀಯ. ಹಚ್ಚಿಕೊಂಡು ಅದು ಚೆನ್ನಾದರೆ ಕೆಲಸಕ್ಕೆ ಬರಲ್ಲ ಅಂತ ಸೂಪರ್‌ವೈಸರ್ ರಾಮದಾಸ್ ಮೊದಲ ದಿನವೇ ಹೇಳಿದ್ದ. ನನ್ನ ದಣಿವನ್ನೂ ಅವರೇ ಕೊಂಡುಕೊಂಡಿದ್ದಾರೆ ಅಕ್ಕಾ, ಪ್ರದರ್ಶನಕ್ಕೆ ಇಡೋದಕ್ಕೆ.

ನಿನ್ನೆ ಮಧ್ಯಾಹ್ನ ಜಯಲಕ್ಷ್ಮಮ್ಮ ಅಂತ ಒಬ್ಬರು ಬಂದರು. ಮೈಸೂರಿನವರು, ಇನ್ಶೂರೆನ್ಸ್ ಆಫೀಸಿನಲ್ಲಿದ್ದು ರಿಟೈರ್ ಆದವರು, ಬೆಸೆಂಟ್ ನಗರದಲ್ಲಿ ಮನೆ. ಗಿರಾಕಿಗಳ ಕುರ್ಚಿಯಲ್ಲಿ ಕೂತರು. ಕೌಂಟರಿನ ಈಚೆ ಬಂದು, ಪಕ್ಕದಲ್ಲಿ ನಿಂತು ಹಚ್ಚುತ್ತಾ ಇದ್ದೆ. ನನ್ನ ಬಾಯಲ್ಲಿ ಕನ್ನಡ ಕೇಳಿ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ‘ಏನಮ್ಮಾ ಇದು, ನಿನ್ನ ಒಂದು ಕಣ್ಣು ನಿದ್ದೆ ಮಾಡಿದೆ, ಇನ್ನೊಂದು ಮಾಡೇ ಇಲ್ಲವಲ್ಲ!’ ಎಷ್ಟು ಹೊತ್ತಿಂದ ನಿಂತಿದ್ದೀಯ ಅಂತ ಕೇಳಿದರು. ಹೇಳಿದೆ. ಅವರು ಎದ್ದರು. ‘ಕೂತ್ಕೋ.’ ಬೇಡ ಮೇಡಂ ಅಂದೆ. ‘ನಾನೇನು ನಿನ್ನ ಕೇಳಿದೆನಾ? ಕೂತ್ಕೋ ಅಂದೆ.’ ಭುಜ ಹಿಡಿದು ಕೂರಿಸಿಬಿಟ್ಟರು. ಡಬ್ಬಿಯೊಳಗೆ ಬೆರಳದ್ದಿ ನನ್ನ ಬಲಗಣ್ಣಿನ ಕೆಳಗೆ ಹಚ್ಚಿದರು. ಎರಡು ವರ್ಷದಲ್ಲಿ ಅಲ್ಲಿಗೆ ತಾಗಿದ ಮೊದಲ ಬೆರಳು.

ನಾನು ಕೂತಲ್ಲೇ ನಿದ್ದೆ ಹೋಗಿಬಿಟ್ಟೆ ಅಕ್ಕಾ. ನಾಲ್ಕೇ ನಿಮಿಷ ಅಂತೆ. ಆ ನಾಲ್ಕು ನಿಮಿಷದಲ್ಲಿ ಬೆಂಗಳೂರಿನ ಆ ರಸ್ತೆ ಬಂತು. ಎಲ್ಲರೂ ಕೂತಿದ್ದೆವು. ಡಾಂಬರು ಮೆಲ್ಲಗೆ ಮರಳಾಯಿತು, ಲಾಠಿ ಹಿಡಿದವರು ದೂರ ದೂರ ತೇಲಿ ದೋಣಿಗಳಾದರು, ನಮ್ಮ ಕಾಲಿಗೆ ನೀರು ಬಂತು, ಯಾರಿಗೂ ಏಳುವ ಅವಸರ ಇರಲಿಲ್ಲ. ಕೂರೋದನ್ನೇ ಹೋರಾಟ ಮಾಡಿಕೊಂಡಿದ್ದವರು ನಾವು, ಕೂರೋದಕ್ಕೇ ಹೋರಾಡಬೇಕಾಗುತ್ತೆ ಅಂತ ಆವತ್ತು ಹೊಳೆದಿರಲಿಲ್ಲ. ಆಮೇಲೆ ‘ಎಂದಿರಿ! ಎಂದಿರಿ!’ ಅಂತ ತಮಿಳಿನಲ್ಲಿ ರಾಮದಾಸ್‌ನ ದನಿ. ಏಳು ಅನ್ನೋದು ಯಾವ ಭಾಷೆಯಲ್ಲೂ ಒಂದೇ ಥರ ಕೇಳಿಸುತ್ತೆ. ಜಯಲಕ್ಷ್ಮಮ್ಮ ತಮಿಳಿನಲ್ಲೇ ಅವನನ್ನು ಚೆನ್ನಾಗಿ ಝಾಡಿಸಿದರು. ಅವರು ಹೋದ ಮೇಲೆ ನನ್ನನ್ನು ಮ್ಯಾನೇಜರ್ ಕರೆದ. ಗಿರಾಕಿಯ ಕುರ್ಚಿಯಲ್ಲಿ ಕೂತು ನಿದ್ದೆ ಮಾಡಿದ್ದು ತಪ್ಪು, ಇನ್ನು ಮುಂದೆ ಯಾವ ಕಾರಣಕ್ಕೂ ಕೂರೋದಿಲ್ಲ ಅಂತ ಬರೆದು ಸಹಿ ಹಾಕು. ಹದಿನೇಳನೇ ತಾರೀಕು ಸೋಮವಾರ ಕಡೇ ದಿನ. ಇಲ್ಲದಿದ್ದರೆ ಬರಬೇಡ ಅಂದ.

ರಘು ಹೇಳ್ತಾರೆ, ‘ಎರಡು ಸಾಲು ತಾನೇ ಕಲಾ, ಗೀಚಿಕೊಟ್ಟು ಬಾ.’ ಪಾಪ, ಕೆಟ್ಟವರಲ್ಲ. ಕೂತು ಕೆಲಸ ಮಾಡುವವರಿಗೆ ಎರಡು ಸಾಲು ಎರಡೇ ಸಾಲಾಗಿ ಕಾಣುತ್ತೆ. ಪಕ್ಕದ ಕೌಂಟರಿನ ಗುಣವತಿ ಮಾತ್ರ ನನ್ನ ಬಲಗೆನ್ನೆ ಮುಟ್ಟಿ, ‘ಅಕ್ಕಾ, ನೀ ಬರೆದುಕೊಟ್ಟರೆ ನಾವು ಎಂಟೂ ಜನ ಬರೆದುಕೊಟ್ಟ ಹಾಗೆ’ ಅಂದಳು. ಯೋಚನೆ ಮಾಡ್ತಾ ಇದ್ದೀನಿ.

ನಿನ್ನ ಆರೋಗ್ಯ ನೋಡಿಕೋ. ಶಾಲೆಯ ಮಕ್ಕಳಿಗೆ ನನ್ನ ನೆನಪು ಹೇಳು. ಮೌನ ದೊಡ್ಡಮ್ಮನಿಗೆ ಒಂದು ಮುತ್ತು ಕಳಿಸಿದ್ದಾಳೆ, ಅದಕ್ಕೆ ಭಾಷೆ ಬೇಕಿಲ್ಲ.

ನಿನ್ನ ತಂಗಿ,
ಕಲಾವತಿ

ಮರೆತಿದ್ದು: ಯೋಚನೆ ಮಾಡ್ತಾ ಇದ್ದೀನಿ ಅಂತ ಮೇಲೆ ಬರೆದದ್ದು ಸುಳ್ಳು. ಇವತ್ತು ಬೆಳಿಗ್ಗೆಯೇ ಮ್ಯಾನೇಜರಿಗೆ ಬರೆದುಕೊಡಲ್ಲ ಅಂದುಬಿಟ್ಟೆ. ರಘುಗೆ ಇನ್ನೂ ಹೇಳಿಲ್ಲ. ಉಳಿದ ಏಳು ಜನರಲ್ಲಿ ಐದು ಜನ ನನ್ನ ಜೊತೆ ಅಂತಾರೆ, ಇಬ್ಬರು ಅಳ್ತಿದ್ದಾರೆ. ನನಗೂ ಭಯ ಅಕ್ಕಾ. ಮೀಟಿಂಗ್ ಕರೆದಿದ್ದೀನಿ, ಹೇಗೆ ಶುರು ಮಾಡಬೇಕು ಅಂತ ಗೊತ್ತಿಲ್ಲ. ಇನ್ನು ಯಾವ ಸಭೆಗೂ ಬರಲ್ಲ ಅಂತ ನೀನು ಮೂರು ವರ್ಷದ ಹಿಂದೆ ಹೇಳಿದ್ದು ನೆನಪಿದೆ. ಆದರೂ ಕೇಳ್ತೀನಿ. ನಿನ್ನ ಡಬ್ಬಿ ಕೊಂಡಿಟ್ಟಿದ್ದೀನಿ, ಪಾರ್ಸಲ್ ಮಾಡಲ್ಲ, ಬಂದು ತಗೋ. ಅಂಗಡಿ ತೆಗೆಯುವ ಮುಂಚೆ ಸೇರ್ತೀವಿ: ಬೆಸೆಂಟ್ ನಗರದ ಬೀಚು, ಮಾರ್ಚ್ ಹದಿನಾರು, ಭಾನುವಾರ, ಬೆಳಿಗ್ಗೆ ಆರೂವರೆ.