ರೆಪ್ಪೆಯ ಗಂಟು, ಕೆನ್ನೆಯ ಊತ

ರಾಮನಗರ, 1998

ಜುಲೈ 6, ಸೋಮವಾರ
ಬೆಳಿಗ್ಗೆಯಿಂದ ರೀಲಿಂಗ್ ಯೂನಿಟ್ಟಿನಲ್ಲಿ ನಾನೂ ಅವ್ವನೂ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚಿದ್ದೇ ಆಯಿತು. ಹಬೆ, ವಾಸನೆ. ಅವ್ವನ ಎಡಗಣ್ಣಿನ ರೆಪ್ಪೆಯಲ್ಲಿ ಮತ್ತೆ ಆ ಗಂಟು. ಕಣ್ಣಿನ ಡಾಕ್ಟರು ಈಗಾಗಲೇ ಎರಡು ಸಲ ಕಣ್ಣುಕುಟಿಗೆ ಎಂದು ಕೊಯ್ದು ತೆಗೆದಿದ್ದರು. "ಹಬೆಗೆ ಹಿಂಗಾಗುತ್ತೆ, ರೀಲಿಂಗ್ ಬಿಡಮ್ಮ" ಎಂದರು. ಬಿಟ್ಟು ತಿನ್ನುವುದೇನು?

ಜುಲೈ 19
ಅವ್ವನ ಎಡಗಿವಿಯ ಮುಂದೆ ಊತ. ನೋವಿಲ್ಲ. ಯೂನಿಟ್ಟಿನ ಯಜಮಾನಿ ಕರೀಮುನ್ನೀಸಾ ನೋಡಿದ್ದೇ ನಕ್ಕರು. "ಏನ್ ಗಂಗಕ್ಕ, ಈ ವಯಸ್ಸಲ್ಲಿ ಮಂಗನಬಾವು!" ತಮ್ಮ ಚಿನ್ನದ ಸರ ಬಿಚ್ಚಿ ಅವ್ವನ ಕೊರಳಿಗೆ ಹಾಕಿದರು. ಚಿನ್ನ ಹಾಕಿದರೆ ಇಳಿಯುತ್ತದಂತೆ.
"ಇಳೀದಿದ್ರೆ ಸರ ವಾಪಸ್ ಕೊಡಕ್ಕಿಲ್ಲ ಕಣವ್ವ" ಎಂದಳು ಅವ್ವ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಆಗಸ್ಟ್ 3
ಇಳಿಯಲಿಲ್ಲ. ಕಿವಿ-ಗಂಟಲಿನ ಡಾಕ್ಟರ ಹತ್ತಿರ ಹೋದೆವು. ಬಾಗಿಲಲ್ಲೇ ಅವ್ವ ಪಿಸುಗುಟ್ಟಿದಳು. "ಕಣ್ಣಿನ ಮಾತು ಎತ್ತಬ್ಯಾಡ ಮಗಾ. ಇವ್ರೂ ಕೆಲ್ಸ ಬುಡು ಅಂತಾರೆ." ಸೆರಗು ಕಣ್ಣಿಗೆಳೆದುಕೊಂಡಳು. ಡಾಕ್ಟರು ಬರೀ ಕೆನ್ನೆ ಒತ್ತಿದರು. ಇನ್‌ಫೆಕ್ಷನ್ ಅಂತೆ. ಮಾತ್ರೆ.
ಕಣ್ಣಿಗೊಬ್ಬರು, ಕಿವಿಗೊಬ್ಬರು. ಅವ್ವ ಒಬ್ಬಳೇ ಅಲ್ಲವೇ? ಬಾಯಿತನಕ ಬಂತು. ನುಂಗಿದೆ. ಥೂ.

ಆಗಸ್ಟ್ 24
ಮಾತ್ರೆ ಮುಗಿದವು. ಊತ ಕಲ್ಲಾಗಿದೆ. ಇವತ್ತು ಮತ್ತೆ ಹೋದಾಗ ಕಿವಿ-ಗಂಟಲಿನ ಡಾಕ್ಟರಿಗೆ ಹೇಳಿಯೇಬಿಟ್ಟೆ — "ಸಾರ್, ಅದೇ ಕಡೆ ಕಣ್ಣಲ್ಲೂ ಗಂಟೈತೆ." ಅವ್ವ ತೊಡೆ ಚಿವುಟಿದಳು. ಡಾಕ್ಟರು ರೆಪ್ಪೆ ಮಡಚಿ ನೋಡಿದರು. ದನಿ ತಗ್ಗಿತು. "ಹಿಂದೆ ಕೊಯ್ದಿದ್ದನ್ನ ಟೆಸ್ಟಿಗೆ ಕಳಿಸಿದ್ರಾ?"
ಕಣ್ಣಿನ ಕ್ಲಿನಿಕ್ಕಿಗೆ ಓಡಿದೆ. ಕಾಂಪೌಂಡರ್ ಮುನಿಶಾಮಯ್ಯ ಹಲ್ಲುಬಿಟ್ಟ. "ಕುಟಿಗೇನ ಯಾರಾರ ಎತ್ತಿಡ್ತಾರಾ? ಅವತ್ತೇ ಎಸ್ದುಬುಟ್ವಿ."
ಮೈ ಉರಿಯಿತು. ವಾಪಸ್ ಬಂದು ಹೇಳಿದ್ದೇ, ಕಿವಿ ಡಾಕ್ಟರು ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಸೆಪ್ಟೆಂಬರ್ 14, ಸಂಜೆ
ಬೆಂಗಳೂರಿನ ಆಸ್ಪತ್ರೆ. ಹೋದ ಸಲ ಟೆಸ್ಟಿಗೆಂದು ರೆಪ್ಪೆಯ ಚೂರು ತೆಗೆದಿದ್ದರು, ಕೆನ್ನೆಯ ಊತಕ್ಕೆ ಸೂಜಿ ಹಾಕಿ ಎಳೆದಿದ್ದರು. ಎರಡರಲ್ಲೂ ಒಂದೇ ಬಂದಿದೆ. ಕ್ಯಾನ್ಸರ್. ರೆಪ್ಪೆಯೊಳಗಿನ ಎಣ್ಣೆಗ್ರಂಥಿಯದು, ಅಪರೂಪದ್ದಂತೆ. ಅಲ್ಲಿಂದ ಕಿವಿಯ ಮುಂದಿನ ಜೊಲ್ಲುಗ್ರಂಥಿಗೆ ಇಳಿದಿದೆ. ನೋಡಲು ಕುಟಿಗೆಯ ಹಾಗೇ ಇರುತ್ತದಂತೆ. ಹಾಗಾದರೆ ಯಾರನ್ನು ಬೈಯಲಿ?
ಅಲ್ಲಿನ ಡಾಕ್ಟರಮ್ಮ ನನ್ನನ್ನು ಮಾತ್ರ ಒಳಗೆ ಕರೆದಿದ್ದರು. ಕಣ್ಣು ಉಳಿಯುವುದು ಅನುಮಾನ, ತಾಯಿಗೆ ಮೆಲ್ಲಗೆ ಹೇಳು ಎಂದರು. ಮೆಲ್ಲಗೆ!
ಬಸ್ಸಿನಲ್ಲಿ ಅವ್ವ ಕೇಳಿದಳು. "ಏನಂದ್ರು? ಕೆಲ್ಸಕ್ಕೆ ಯಾವತ್ತಿಂದ ಹೋಗ್ಲಿ?"
"ಆಪರೇಷನ್ ಆಗ್ಬೇಕಂತವ್ವ."
"ಆಗ್ಲಿ. ಕಣ್ಗಾ, ಕೆನ್ನೆಗಾ?"
ಅಷ್ಟರಲ್ಲಿ ಊರು ಬಂತು, ಇಳಿದೆವು.
ಈಗ ಮನೆಯ ಒಳಗಿನಿಂದ ಮತ್ತೆ ಅದನ್ನೇ ಕೇಳುತ್ತಿದ್ದಾಳೆ. ಹೋಗಿ ಎದುರಿಗೆ ಕೂತು ಹೇಳಿಬಿಡಬೇಕು: ಅವ್ವ, ನಿನ್ನ ಕಣ್ಣು —